ಪಿಳ್ಳಮ್ಮತ್ತೆಗೆ ಹಾಲ್ ನೋಡಿದ್ದು

ಎರಡನೆಯ ವೈಶಾಖ, ನಲವತ್ತೊಂದನೆಯ ದಿನ
ಕೋಲಾರದ ಕೆಳಪೇಟೆ

ಕೂತು ಕುದುರೆ ಪಂದ್ಯ ನೋಡಲು, ಬಾಜಿ ಕಟ್ಟಲು ಆರಾಮವಾದ ಜಾಗ ಹುಡುಕುತ್ತಿರುವ ಹಿರಿಯರಿಗೆ ಮುನಿವೇಣಿಯ ನಮಸ್ಕಾರಗಳು.

ಮೇಲಿನ ತಾರೀಖು ಓದಿ ನಿಮ್ಮ ಹುಬ್ಬು ಮೇಲೇರಿದ್ದರೆ ತಪ್ಪು ನಿಮ್ಮದಲ್ಲ. ನಮ್ಮ ಕಾಲದಲ್ಲಿ ವೈಶಾಖಗಳು ಎರಡು. ಬಿಸಿಲು ಇಳಿಯುವ ತನಕ ತಿಂಗಳನ್ನು ಮುಗಿಸುವ ಧೈರ್ಯ ಪಂಚಾಂಗದವರಿಗೆ ಇಲ್ಲ. ನಿಮಗೂ ನನಗೂ ನಡುವೆ ಆರೇಳು ತಲೆಮಾರುಗಳಾದರೂ ಇವೆ. ಹಾಗಾಗಿ ಈ ಕಾಗದದಲ್ಲಿ ನೀವು ಕೇಳಿರದ ಕೆಲವು ಮಾತುಗಳು ಬರುತ್ತವೆ, ಮನ್ನಿಸಬೇಕು. ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಮೊದಲನೆಯದು ಹಿಂದಂಚೆ. ಅಂದರೆ ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಅಂಚೆ. ಇದಕ್ಕೆ ವಿಳಾಸ ಬರೆಯುವಂತಿಲ್ಲ. ವಿಷಯ ಹೇಳಿದರೆ ಸಾಕು, ಅದೇ ವಿಷಯವನ್ನು ಯಾವ ಕಾಲದಲ್ಲಿ ಯಾರು ತಲೆಗೆ ಹಚ್ಚಿಕೊಂಡು ಹುಡುಕುತ್ತಿದ್ದರೋ ಅವರಿಗೆ ಮುಟ್ಟಿಸುತ್ತೇವೆ ಎನ್ನುತ್ತಾರೆ. ಮುಟ್ಟಿತು ಎಂದು ಈವರೆಗೆ ಯಾರೂ ತಿಳಿಸಿಲ್ಲ. ಕಾಗದಗಳನ್ನೆಲ್ಲ ಹಿತ್ತಲಲ್ಲಿ ರಾಶಿ ಹಾಕಿ ಸುಡುತ್ತಾರೆ ಎಂಬ ಗುಮಾನಿ ನನಗಿದೆ. ಆದರೂ ಬರೆಯುತ್ತಿದ್ದೇನೆ. ಇದನ್ನು ಹೇಳಿಕೊಳ್ಳಲು ಇಲ್ಲಿ ನನಗೆ ಯಾರೂ ಸಿಗಲಿಲ್ಲ.

ನಿಮ್ಮ ಕಾಲದ ಕ್ಯಾಸಿನೋಗಳಲ್ಲಿ ರೇಸ್‌ಬುಕ್ ಎಂಬ ಕೋಣೆ ಇರುತ್ತಿತ್ತಂತೆ. ಎಲ್ಲೋ ಓಡುವ ಕುದುರೆಗಳನ್ನು ಪರದೆಯ ಮೇಲೆ ನೋಡುತ್ತ ಬಾಜಿ ಕಟ್ಟುವ ಕೋಣೆ. ನಮ್ಮಲ್ಲಿ ಆ ಕೋಣೆ ಬೆಳೆದು ಬೀದಿಯಾಗಿದೆ. ಹಗಲು ಹೊತ್ತು ನೆಲದ ಮೇಲೆ ಇರಲಾಗದ ಸೆಖೆ. ಅದಕ್ಕೇ ಕೋಲಾರದ ಹಳೆಯ ಚಿನ್ನದ ಗಣಿಗಳ ಸುರಂಗಗಳಿಗೆ ತಣ್ಣನೆಯ ಗಾಳಿ ಹಾಯಿಸಿ ಸಾಲುಸಾಲಾಗಿ ರೇಸ್‌ಬುಕ್ ಹಾಲ್‌ಗಳನ್ನು ಮಾಡಿದ್ದಾರೆ. ಕೆಲಸದಿಂದ ಬಿಡುಗಡೆಯಾದ ಹಿರಿಯರು ಬೆಳಿಗ್ಗೆ ಇಳಿದು ಸಂಜೆ ಮೇಲೆ ಬರುತ್ತಾರೆ. ಬಾಜಿಗೆ ಕಟ್ಟುವುದು ತಂಪುಬಿಲ್ಲೆಯನ್ನು. ಒಂದು ಬಿಲ್ಲೆಯನ್ನು ಮನೆಯ ಗೋಡೆಗೆ ಸಿಕ್ಕಿಸಿದರೆ ಒಂದಷ್ಟು ಹೊತ್ತು ತಂಪು ಬರುತ್ತದೆ, ಆಮೇಲೆ ಅದು ಬರೀ ತಗಡು. ಕುದುರೆಗಳು ಓಡುವುದು ಉತ್ತರದ ಚಳಿ ದೇಶಗಳಲ್ಲಿ, ಹಾಗೆಂದು ಹಾಲ್‌ನವರು ಹೇಳುತ್ತಾರೆ. ಹಾಲ್ ಆರಿಸಿಕೊಂಡ ಮೇಲೆ ಅಚ್ಚುಕೂಡಿಕೆ ನಡೆಯುತ್ತದೆ: ಕುರ್ಚಿಯು ನಿಮ್ಮ ಬೆನ್ನು, ಸೊಂಟ, ಮಂಡಿ, ಉಸಿರು, ಎದೆಬಡಿತ ಎಲ್ಲವನ್ನೂ ಕಲಿತು ನಿಮ್ಮದೇ ಅಚ್ಚಾಗುತ್ತದೆ. ಒಮ್ಮೆ ಅಚ್ಚು ಕೂಡಿತೆಂದರೆ ಮುಗಿಯಿತು, ಬೇರೆ ಯಾವ ಹಾಲ್‌ನವರೂ ನಿಮ್ಮನ್ನು ಸೇರಿಸಿಕೊಳ್ಳುವುದಿಲ್ಲ. ಆದ್ದರಿಂದ ಹಾಲ್ ಆರಿಸುವುದು ನಮ್ಮಲ್ಲಿ ಹುಡುಗಾಟದ ವಿಷಯವಲ್ಲ.

ಇದಕ್ಕೊಂದು ಪದ್ಧತಿಯೂ ಇದೆ, ಕೂತುನೋಡುವ ಶಾಸ್ತ್ರ. ನೀವು ಹೆಣ್ಣು ನೋಡಲು ಹೋಗುತ್ತಿದ್ದಿರಲ್ಲ, ಅದೇ ಧಾಟಿ. ಮನೆಯ ಕಿರಿಯರೊಬ್ಬರು ಎಲೆ ಅಡಿಕೆ ಹಿಡಿದು ಹಾಲ್‌ಗೆ ಹೋಗಬೇಕು. ಅವರು ಉಪ್ಪಿಟ್ಟು ಕಾಫಿ ಕೊಡುತ್ತಾರೆ. ತಿಂದು, ಹಿರಿಯರ ಪರವಾಗಿ ಕುರ್ಚಿಯಲ್ಲಿ ಕೂತು, ಒಂದೆರಡು ಪಂದ್ಯ ನೋಡಿ, ಹೇಳಿ ಕಳಿಸುತ್ತೇವೆ ಎಂದು ಎದ್ದು ಬರಬೇಕು. ಯಾರಿಗಾಗಿ ನೋಡುತ್ತೇವೋ ಆ ಹಿರಿಯರು ಮಾತ್ರ ಅಚ್ಚುಕೂಡಿಕೆಯ ದಿನದವರೆಗೆ ಅತ್ತ ತಲೆ ಹಾಕುವಂತಿಲ್ಲ. ಅವರ ಮುಖ ಕಂಡರೆ ಹಾಲ್‌ನವರು ಓಲೈಸಲು ಶುರುಮಾಡುತ್ತಾರೆ, ನಿಜವಾದ ಬಣ್ಣ ತಿಳಿಯುವುದಿಲ್ಲ ಎಂಬ ಎಚ್ಚರಿಕೆ. ಈ ಪದ್ಧತಿ ಯಾರು ಮಾಡಿದರೋ ಗೊತ್ತಿಲ್ಲ. ಹಾಲ್‌ನವರೇ ಮಾಡಿರಬಹುದೇ ಎಂದು ಈಗೀಗ ಅನ್ನಿಸುತ್ತಿದೆ.

ನಾನು ಕೂತುನೋಡಿದ್ದು ಪಿಳ್ಳಮ್ಮತ್ತೆಗಾಗಿ. ಅವಳು ನನ್ನ ಸೋದರತ್ತೆ, ಅಪ್ಪನ ಅಕ್ಕ. ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು. ಬೆಟ್ಟದ ಮೇಲೆ ಉಳಿದಿದ್ದ ಕಟ್ಟಕಡೆಯ ಲಾಯದಲ್ಲಿ ಕುದುರೆಗಳ ಆರೈಕೆ ಅವಳ ಕೆಲಸವಾಗಿತ್ತು: ಮೈ ಉಜ್ಜುವುದು, ಹುಲ್ಲು ಹಾಕುವುದು, ಹಗ್ಗ ಹಿಡಿದು ನಡೆದಾಡಿಸುವುದು. ಲಾಯ ಮುಚ್ಚಿದ ಮೇಲೆ ಅವಳು ಮನೆಯೊಳಗೆ ಬರಿಗೈಯಲ್ಲಿ ಓಡಾಡುವುದನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು. ಬಾಜಿ ಗೆಲ್ಲುವ ಆಸೆ ಅವಳಿಗೆ ಇರಲಿಲ್ಲ. “ನಂಗೆ ಕುದ್ರೆ ಕಾಣಿಸ್ಬೇಕು ಕಣೇ ವೇಣಿ, ಅಷ್ಟು ನೋಡ್ಕಂಡು ಬಾ” ಎಂದಿದ್ದಳು. ಅವಳ ಉಳಿದ ಹಗಲುಗಳು ನಿಜವಾದ ಕುದುರೆ ಕಾಣುವ ಜಾಗದಲ್ಲಿ ಕಳೆಯಬೇಕು, ಯಾರೂ ಅವಳ ಕಣ್ಣಿಗೆ ಮಣ್ಣೆರಚಬಾರದು. ನನ್ನ ಹಠ ಇದೊಂದೇ. ಈ ಕೆಲಸಕ್ಕೆ ನನಗಿಂತ ತಕ್ಕವರು ನಮ್ಮ ವಂಶದಲ್ಲೇ ಇಲ್ಲ ಎಂದೂ ಅಂದುಕೊಂಡಿದ್ದೆ. ಹಾಲು ಕೊಡುವವಳು ನಕ್ಕರೆ ಹಾಲನ್ನು ಎರಡು ಸಲ ಮೂಸಿ ನೋಡುವ ಹೆಂಗಸು ನಾನು.

ಮೊದಲು ಹೋದದ್ದು ಸುಖಾಸನ ಎಂಬ ಹಾಲ್‌ಗೆ. ಕುರ್ಚಿ ನನ್ನನ್ನು ಎತ್ತಿಕೊಂಡಿತೆಂದೇ ಹೇಳಬೇಕು. ಕಾಲು ಒತ್ತಿತು, ಕತ್ತಿನ ಹಿಂದೆ ಬೆಚ್ಚಗೆ ತೀಡಿತು. ಗೋಡೆಯ ತುಂಬ ನೋಟಗಾಜು; ಕುರ್ಚಿಯಲ್ಲಿ ಕೂತವರ ಕಣ್ಣಿಗೆ ಕುದುರೆಗಳು ಎದುರಿಗೇ ಓಡಿದಂತೆ ಕಾಣಿಸುವ ಗಾಜು ಅದು. ಎಲ್ಲ ಸರಿ, ಏಳಲು ಹೋದೆ, ಕೈಯೂರಲು ಎಲ್ಲಿಯೂ ಗಟ್ಟಿ ಜಾಗವೇ ಇಲ್ಲ. ಎರಡು ಸಲ ಎದ್ದು ಎರಡು ಸಲವೂ ಮತ್ತೆ ಒಳಕ್ಕೆ ಜಾರಿದೆ. ಅಲ್ಲಿನ ಮೇಲ್ವಿಚಾರಕಿ ಬಂದು, “ಏಳೋದ್ಯಾಕೆ ಅಕ್ಕ? ಏನು ಬೇಕೋ ಹೇಳಿ, ಇಲ್ಲಿಗೇ ತಂದ್ಕೊಡ್ತೀವಿ” ಎಂದಳು. ಆ ಅಕ್ಕ ಎಂಬ ಮಾತಿನಲ್ಲೇ ನನಗೆ ಮೋಸದ ವಾಸನೆ ಹೊಡೆಯಿತು. ಹೇಳಿ ಕಳಿಸುತ್ತೇವೆ ಎಂದು ಬಂದುಬಿಟ್ಟೆ.

ಎರಡನೆಯದು ಜಯಭೇರಿ. ಅಲ್ಲಿ ಉಪ್ಪಿಟ್ಟಿಗೆ ಗೋಡಂಬಿ ಹಾಕಿದ್ದರು, ಹೊಗೆಯಾಡುತ್ತಿತ್ತು. ನಾನು ಕಟ್ಟಿದ ಮೊದಲ ಕುದುರೆ ಗೆದ್ದಿತು. ಎರಡನೆಯದಕ್ಕೆ, ಪರೀಕ್ಷೆ ಮಾಡೋಣವೆಂದು, ನಡೆಯುವಾಗಲೇ ಕುಂಟುತ್ತಿದ್ದ ಒಂದು ಬಡಕಲು ಕುದುರೆಯ ಮೇಲೆ ಕಟ್ಟಿದೆ. ಅದೂ ಗೆದ್ದಿತು! ಸುತ್ತ ನಿಂತವರೆಲ್ಲ ಚಪ್ಪಾಳೆ ತಟ್ಟಿದರು. ಹೊಸಬರನ್ನು ಗೆಲ್ಲಿಸಿ ಕಳಿಸುವ ಅಂಗಡಿಗಳು ನಿಮ್ಮ ಕಾಲದಲ್ಲೂ ಇದ್ದಿರಬೇಕು. ಗೆದ್ದ ಬಿಲ್ಲೆಗಳನ್ನು ಮೇಜಿನ ಮೇಲೆಯೇ ಬಿಟ್ಟು ಬಂದೆ. ಆ ಸೆಖೆಯಲ್ಲಿ ಮನೆಗೆ ಬರುವಾಗ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಮೂರನೆಯದು ಕಲ್ಲುಕಟ್ಟೆ. ಹೆಸರಿಗೆ ತಕ್ಕ ಹಾಗೆ ಕುರ್ಚಿ ಗಟ್ಟಿಯಾಗಿತ್ತು, ಒಂದು ಕಡೆ ಬೆನ್ನಿಗೆ ಒತ್ತುತ್ತಿತ್ತು. ಉಪ್ಪಿಟ್ಟು ಆರಿ ತಣ್ಣಗಾಗಿತ್ತು. ಕೌಂಟರಿನಲ್ಲಿ ಚೌಡಯ್ಯ ಎಂಬಾತ ಮುಖ ಗಂಟು ಹಾಕಿಕೊಂಡು, “ಕೂರೋದಾದ್ರೆ ಕೂತ್ಕಳಮ್ಮ, ಇಲ್ಲಾಂದ್ರೆ ದಾರಿ ಬಿಡು, ಹಿಂದ್ಗಡೆ ಜನ ಅವ್ರೆ” ಎಂದ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮೋಸ ಮಾಡುವವನು ಗಿರಾಕಿಯನ್ನು ಬೈಯುತ್ತಾನೆಯೇ? ಅಲ್ಲಿ ಪಂದ್ಯಕ್ಕೆ ಮೊದಲು ಪ್ಯಾಡಾಕ್ ತೋರಿಸುತ್ತಿದ್ದರು, ಅಂದರೆ ಕುದುರೆಗಳನ್ನು ಸುತ್ತು ನಡೆಸಿ ನೋಡಲು ಬಿಡುವ ಅಂಗಳ. ಬೇರೆ ಕಡೆ ಅದು ಬೇಜಾರು ಎಂದು ಕತ್ತರಿಸಿ ಹಾಕಿದ್ದರು. ಒಂದು ಕುದುರೆ ನೊಣಕ್ಕೆ ಬಾಲ ಬೀಸಿತು, ಇನ್ನೊಂದು ನಡೆಯುತ್ತಲೇ ಲದ್ದಿ ಹಾಕಿತು. ನಾನು ಕಟ್ಟಿದ್ದು ಸೋತಿತು. ಇಷ್ಟಾದ ಮೇಲೂ ಮತ್ತೆ ಮತ್ತೆ ಹೋಗಿ ಕೂತೆ, ಗೋಡೆ ತಟ್ಟಿದೆ, ಕುರ್ಚಿಯ ಕೆಳಗೆ ಬಗ್ಗಿ ನೋಡಿದೆ. ಹೋದಾಗಲೆಲ್ಲ ಒಂದಲ್ಲ ಒಂದು ಚಿಕ್ಕ ಕೊರತೆ ಕಣ್ಣಿಗೆ ಬೀಳುತ್ತಿತ್ತು. ಪ್ರತಿ ಕೊರತೆಗೂ ನನ್ನ ನಂಬಿಕೆ ಬಲಿಯುತ್ತಿತ್ತು. ಕೊನೆಗೆ ಒಪ್ಪಿಗೆ ಹೇಳಿ ಕಳಿಸಿದೆ. ಅತ್ತೆ ಹೊಸ ಸೀರೆ ಉಟ್ಟು ಹೋಗಿ ಅಚ್ಚು ಕೂಡಿಸಿಕೊಂಡಳು.

ಆಮೇಲೆ ನಾನು ವಾರಕ್ಕೊಮ್ಮೆ ಹೋಗುತ್ತಿದ್ದೆ, ಬಂಧುಗಳಿಗೆಂದು ಪಕ್ಕದಲ್ಲಿ ಹಾಕುವ ಕುರ್ಚಿಯಲ್ಲಿ ಕೂರಲು. ಅದೇ ಒತ್ತುವ ಕುರ್ಚಿ, ಅದೇ ಗಂಟುಮುಖ. ಮೊನ್ನೆ ಸ್ವಲ್ಪ ಬೇಗ ಹೋದೆ. ಸುರಂಗದ ಬಾಯಲ್ಲಿ ಒಂದು ಕೈಗಾಡಿ ನಿಂತಿತ್ತು. ಒಂದೇ ಗಾಡಿಯಿಂದ ಸುಖಾಸನಕ್ಕೊಂದು, ಜಯಭೇರಿಗೊಂದು, ಕಲ್ಲುಕಟ್ಟೆಗೊಂದು ಉಪ್ಪಿಟ್ಟಿನ ಪಾತ್ರೆ ಇಳಿಸುತ್ತಿದ್ದರು. ಕಲ್ಲುಕಟ್ಟೆಯ ಪಾತ್ರೆಯ ಮುಚ್ಚಳ ತೆಗೆದು, ಆರಲಿ ಎಂದು ಗಾಳಿಗೆ ಇಟ್ಟರು. ಅದೂ ಬೇಕೆಂದೇ, ಮುಚ್ಚಳವನ್ನು ಪಕ್ಕದಲ್ಲಿ ಜೋಪಾನವಾಗಿ ಒರಗಿಸಿ. ಮೂರೂ ಹಾಲ್ ಒಬ್ಬರದೇ. ಮೆತ್ತನೆಯದು ಬೇಕೆನ್ನುವವರಿಗೆ ಒಂದು, ಗೆಲುವು ಬೇಕೆನ್ನುವವರಿಗೆ ಒಂದು, ನನ್ನಂಥ ಸಂಶಯದವರಿಗೆ ಒಂದು. ಸುಖಾಸನದಲ್ಲಿ ಕೂತಾಗಲೇ ಕುರ್ಚಿ ನನ್ನ ಎದೆಬಡಿತ ಕಲಿತಿತ್ತು. ಅಕ್ಕ ಎಂದರೆ ಇವಳು ಬೆದರುತ್ತಾಳೆ ಎಂದು ಮುಂದಿನ ಹಾಲ್‌ನವರಿಗೆ ಹೇಳಿ ಕಳಿಸಿತ್ತು. ನನಗೆ ಆರಾಮ ಸಿಗುವುದೇ ಸಂಶಯಪಡುವುದರಲ್ಲಿ. ಅವರು ನನಗೆ ಅದನ್ನೇ ಬಡಿಸಿದ್ದರು, ನಾನು ಚಪ್ಪರಿಸಿ ತಿಂದಿದ್ದೆ.

ಓಡಿಹೋಗಿ ಅತ್ತೆಯ ಪಕ್ಕ ಕೂತೆ. ಪಂದ್ಯ ನಡೆಯುತ್ತಿತ್ತು. ಗಾಜಿನಲ್ಲಿ ನನ್ನ ಕಣ್ಣಿಗೆ ಒಂದು ಕಂದು ಗಂಡು ಕುದುರೆ ಮುಂದಿತ್ತು, ಅದೇ ಗೆದ್ದಿತು. ಅದೇ ಗಳಿಗೆಯಲ್ಲಿ ಅತ್ತೆ ಎರಡೂ ಕೈ ಮೇಲೆತ್ತಿ, “ಹೊಡೀತು ನೋಡೇ ನಮ್ಮ ಚಂದ್ರಿ!” ಎಂದು ಕೂಗಿದಳು. ಚಂದ್ರಿ ಲಾಯದಲ್ಲಿ ಅವಳೇ ಸಾಕಿದ ಹೆಣ್ಣು ಕುದುರೆ, ಬಿಳಿಯದು, ಅವಳ ಕೈಯಿಂದಲ್ಲದೆ ನೀರು ಕುಡಿಯುತ್ತಿರಲಿಲ್ಲವಂತೆ. ಲಾಯ ಮುಚ್ಚುವ ಮೊದಲೇ ಸತ್ತುಹೋಗಿತ್ತು. ಒಂದೇ ಗೋಡೆಗೆ ಮುಖ ಮಾಡಿ ಕೂತ ನಮ್ಮಿಬ್ಬರ ಎದುರು ಎರಡು ಬೇರೆ ಪಂದ್ಯಗಳು ಓಡುತ್ತಿದ್ದವು. ಅಷ್ಟರಲ್ಲಿ ಚೌಡಯ್ಯ ಬಂದು, “ಅಕ್ಕಯ್ಯ, ನಿಮ್ ಬಿಲ್ಲೆ ತಗೊಳಿ, ಕಾಫಿ ತರ್ಲಾ?” ಎಂದು ಬಗ್ಗಿ ಕೇಳಿದ. ಅವನ ಬಾಯಲ್ಲಿ ಅಷ್ಟು ನಯವಾದ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ನನ್ನ ಕಡೆ ತಿರುಗಿದ ಕೂಡಲೇ ಮುಖ ಗಂಟು ಹಾಕಿಕೊಂಡ.

ಅವನು ಆಚೆ ಹೋದ ಮೇಲೆ ಅತ್ತೆಯ ಕೈ ಹಿಡಿದುಕೊಂಡು ಎಲ್ಲವನ್ನೂ ಹೇಳಿಬಿಟ್ಟೆ. ಗಾಡಿ, ಉಪ್ಪಿಟ್ಟು, ಕುರ್ಚಿ, ಗಾಜು, ನಾನು ಮೋಸ ಹೋದದ್ದು. ಅಚ್ಚು ಕೂಡಿಬಿಟ್ಟಿದೆ, ಬೇರೆ ಹಾಲ್ ಸಿಗುವುದಿಲ್ಲ, ಆದರೂ ಎದ್ದು ಬಾ, ಮನೆಯಲ್ಲಿ ಸೆಖೆಯಲ್ಲೇ ಇರೋಣ ಎಂದೆ. ನನಗೆ ಅಳು ಬಂದಿತ್ತು. ಅವಳು ಅಳಲಿಲ್ಲ.

“ಚಂದ್ರಿ ಸತ್ತಿದ್ದು ನಂಗೆ ಗೊತ್ತಿಲ್ವೇನೇ? ಗುಂಡಿ ತೋಡಿ ಮಣ್ಣಾಕಿದ್ದು ನಾನೇ” ಎಂದಳು.

“ಗೊತ್ತಿದ್ದೂ ಯಾಕತ್ತೆ ಕೂತಿದ್ದೀಯ?”

“ಪ್ಯಾಡಾಕ್‌ನಾಗೆ ಸುತ್ತು ಬರೋವಾಗ ಅದು ನಿಂತು ನನ್ ಮುಖ ನೋಡ್ತದೆ. ಸುಳ್ಳೇ ಇರ್ಲಿ, ನೋಡ್ತದೆ. ನೀನೂ ವಾರವಾರ ಬತ್ತೀಯ. ಬಂದೋಳು ಕುರ್ಚಿ ತಟ್ಟಿ ನೋಡ್ತೀಯ, ಗೋಡೆ ನೋಡ್ತೀಯ, ಚೌಡಯ್ಯನ್ನ ಗುರಾಯಿಸ್ತೀಯ, ಹೊತ್ತಾಯ್ತು ಅಂತ ಎದ್ದೋಗ್ತೀಯ. ನನ್ ಮುಖ ಯಾವತ್ತಾದ್ರೂ ನೋಡಿದ್ದೀಯೇನೇ, ವೇಣಿ?”

ಬೈದು ಹೇಳಿದ್ದಲ್ಲ, ಮೆಲ್ಲಗೆ ಕೇಳಿದಳು. ಕೇಳಿ ಗಾಜಿನ ಕಡೆ ತಿರುಗಿದಳು, ಮುಂದಿನ ಪಂದ್ಯಕ್ಕೆ ಕುದುರೆಗಳು ಬರುತ್ತಿದ್ದವು. ನಾನು ಅವಳ ಮುಖ ನೋಡಿದೆ. ಅವಳ ಎಡಗಣ್ಣಿಗೆ ಪೊರೆ ಬರುತ್ತಿರುವುದನ್ನು ಆಗ ಕಂಡೆ. ಯಾವಾಗಿನಿಂದ ಬಂದಿತ್ತೋ ನನಗೆ ತಿಳಿಯದು.

ಹಿರಿಯರೇ, ಯಾವ ರೇಸ್‌ಬುಕ್ ಆರಾಮ ಎಂದು ನೀವು ಕೇಳುತ್ತಿದ್ದೀರಿ. ನಿಮಗಾಗಿಯೇ ಕೇಳುತ್ತಿದ್ದರೆ ಮೆತ್ತನೆಯದನ್ನು ನಂಬಬೇಡಿ, ಗಟ್ಟಿಯದನ್ನು ಇನ್ನೂ ನಂಬಬೇಡಿ. ನೀವೇ ಬಲು ಜಾಣರು ಎಂದು ನಿಮಗೆ ಅನ್ನಿಸಿ ಕಳಿಸುವ ಜಾಗವನ್ನು ಕಂಡರೆ ಅಲ್ಲಿಂದ ಕಾಲು ಕೀಳಿ. ಮನೆಯವರಿಗಾಗಿ ಕೇಳುತ್ತಿದ್ದರೆ ಶಾಸ್ತ್ರ ಗೀಸ್ತ್ರ ಎನ್ನದೆ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಇದಿಷ್ಟು ನನ್ನ ಕೋರಿಕೆ. ಈ ಕಾಗದವನ್ನೂ ನಂಬಬೇಡಿ ಎಂದು ಬರೆಯಬೇಕೆನ್ನಿಸುತ್ತದೆ, ಹಿಂದಂಚೆ ಯಾರದೆಂದು ನಾನಿನ್ನೂ ವಿಚಾರಿಸಿಲ್ಲ.

ನಾಳೆ ಬೆಳಿಗ್ಗೆ ಅತ್ತೆಯ ಜೊತೆಗೇ ಇಳಿಯುತ್ತೇನೆ. ನನ್ನ ಕುರ್ಚಿಯನ್ನು ತಿರುಗಿಸಿ, ಗಾಜಿಗೆ ಬೆನ್ನು ಹಾಕಿ, ಅವಳ ಮುಖಕ್ಕೆ ಎದುರಾಗಿ ಕೂರುತ್ತೇನೆ. ಕುರ್ಚಿ ಅದನ್ನೂ ಕಲಿತುಕೊಳ್ಳುತ್ತದೆ, ನನಗೆ ಗೊತ್ತು. ಕಲಿತುಕೊಳ್ಳಲಿ.

ಇಂತಿ ನಿಮ್ಮ ಮುಂದಿನವಳು,
ಮುನಿವೇಣಿ