ಅದಲುಬದಲಾದ ಎರಡು ತಂತಿ

ಕಾರ್ಕಳ, ಬುಧವಾರ

ಪ್ರೀತಿಯ ಕಿಟ್ಟ ಮಾಮನಿಗೆ,

ಫೋನ್ ಮಾಡುವ ಧೈರ್ಯ ಬರಲಿಲ್ಲ. ನೀವು "ಎಂತ ಮಗಾ" ಎಂದರೆ ಸಾಕು, ಅತ್ತು ಮಾತು ನುಂಗಿಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಮೊನ್ನೆ ಭಾನುವಾರ ಕಾಪುವಿನ ನಿಮ್ಮ ಚಾವಡಿಯಲ್ಲಿ ಕೆಟ್ಟದ್ದು ನಿಮ್ಮ ಕೈಯಲ್ಲ ಮಾಮ, ನನ್ನ ವೈರಿಂಗ್.

ಸ್ಟ್ರೋಕ್ ಆದಮೇಲೆ ಮಣಿಪಾಲದ ಡಾಕ್ಟರು ಬಲಗೈಯ ಮಣಿಕಟ್ಟು ತಿರುಗಿಸುತ್ತಿರಿ ಎಂದರು. ನೀವು ಬಾಗಿಲಿನ ಹಿಡಿ ತಿರುಗಿಸಿ ತಿರುಗಿಸಿ ಬೇಸತ್ತಿರಿ. ಆಗ ಹಿಡಿದದ್ದು ನನಗೆ ಈ ವಿಡಿಯೋ ಆಟದ ಪೆಟ್ಟಿಗೆಯ ಹುಚ್ಚು. ಹಳೆ ಕಪಾಟಿನ ಹಲಗೆ, ಹಳೆ ಟಿವಿ, ಎಡಕ್ಕೆ ಅಂಗೈಯಲ್ಲಿ ಉರುಳಿಸುವ ಟ್ರ್ಯಾಕ್‌ಬಾಲ್, ಬಲಕ್ಕೆ ಗರಗರ ತಿರುಗುವ ಸ್ಪಿನ್ನರ್. ಸ್ಪಿನ್ನರ್ ತಿರುಗಿಸಿದರೆ ಪರದೆಯ ಮೇಲಿನ ಬೋಟು ಬಂಡೆಗಳ ನಡುವೆ ದಾರಿ ಹಿಡಿಯಬೇಕು. ಮೀನುಗಾರಿಕೆಯ ರಜೆ ಮುಗಿದು ಮಲ್ಪೆಯಿಂದ ಬೋಟು ಹೊರಡುವಾಗ ಮೊದಲಿನಂತೆ ನೀವೇ ತಾಂಡೇಲರಾಗಿ ಚುಕ್ಕಾಣಿ ಹಿಡಿಯಬೇಕೆಂದು ನನಗೆ ಆಸೆ.

ಆಸೆಯ ಜೊತೆ ಜಂಬವೂ ಇತ್ತು. ಇಲ್ಲದಿದ್ದರೆ ನಿಮ್ಮ ಬೋಟಿನವರನ್ನೆಲ್ಲ ನಾನೇಕೆ ಕರೆಯಬೇಕಿತ್ತು? ನೀವು ಬಲಕ್ಕೆ ತಿರುಗಿಸಿದಿರಿ, ಬೋಟು ಬಂಡೆಗೆ ಬಡಿಯಿತು. ಮತ್ತೆ ಬಡಿಯಿತು. ಅವರಲ್ಲಿ ಗುಣಪಾಲಣ್ಣ ನಕ್ಕರು. ನನ್ನ ಪೆಟ್ಟಿಗೆಯ ಮರ್ಯಾದೆ ಹೋಗುತ್ತದೆಂದು ನಾನು ಎಲ್ಲರೆದುರು, "ಮಾಮನ ಕೈ ಇನ್ನೂ ಸರಿಯಾಗ್ಲಿಲ್ಲ, ಅವರಿಗೆ ಗೊತ್ತಾಗುವುದಿಲ್ಲ" ಎಂದೆ. ಕೊನೆಯ ಸಲ ನೀವು ಎಡಕ್ಕೆ ತಿರುಗಿಸಿ ಬೋಟನ್ನು ಬಲಕ್ಕೆ ಸರಿಸಿ ಬಂಡೆಯಿಂದ ಉಳಿಸಿಕೊಂಡಿರಿ. ಅದಕ್ಕೂ "ಗೊಂದಲ ಆಗ್ತಾ ಉಂಟು, ಪಾಪ" ಎಂದವಳು ನಾನೇ.

ನೀವು ಅಂಗೈಯನ್ನು ಲುಂಗಿಗೆ ಒರೆಸಿಕೊಂಡಿರಿ. "ಇನ್ನು ಈ ಕೈಯಿಂದ ಆಗ್ಲಿಕ್ಕಿಲ್ಲ. ಗುಣಪಾಲ, ಈ ಸಲ ಬೋಟು ನೀನೇ ನೋಡಿಕೊ" ಎಂದು ಒಳಗೆ ಹೋದಿರಿ.

ಎಲ್ಲರೂ ಹೋದಮೇಲೆ ಪೆಟ್ಟಿಗೆಯ ಹಿಂದಿನ ಹಲಗೆ ಬಿಚ್ಚಿದೆ. ಸ್ಪಿನ್ನರಿನೊಳಗೆ ತೂತುಗಳ ಬಿಲ್ಲೆಯೊಂದು, ಅದನ್ನು ನೋಡುವ ಎರಡು ಸೆನ್ಸರ್ ಕಣ್ಣು. ಬೆಳಕು ಮೊದಲು ಯಾವ ಕಣ್ಣಿಗೆ ಬಿತ್ತು ಎಂಬುದರಿಂದ ಎಡ ಬಲ ತಿಳಿಯುತ್ತದೆ. ಆ ಎರಡರ ತಂತಿಗಳನ್ನು ನಾನು ಅದಲುಬದಲು ಜೋಡಿಸಿದ್ದೆ. ಟ್ರ್ಯಾಕ್‌ಬಾಲ್ ಆಡಲು ನನಗೆ ಖುಷಿ, ಅದನ್ನು ನಾಲ್ಕೂ ದಿಕ್ಕಿಗೆ ಉರುಳಿಸಿ ನೋಡಿದ್ದೆ. ನಿಮ್ಮ ಸ್ಪಿನ್ನರನ್ನು ಮಾತ್ರ ಬೋಟು ಅಲ್ಲಾಡಿತೆಂದು ಅಷ್ಟಕ್ಕೇ ಬಿಟ್ಟಿದ್ದೆ. ದಿನವೂ ಇನ್ವರ್ಟರ್ ರಿಪೇರಿ ಮಾಡುವವಳು ನಾನು!

ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ ಮಾಮ. ಪುಷ್ಪಾವತಿ ಅತ್ತೆ ಬಡಿಸಿದ ಬಂಗುಡೆ ಸಾರು ಉಂಡು ಬಸ್ಸು ಹತ್ತಿದೆ. ನನಗೆ ಹೆಚ್ಚು ನಾಚಿಕೆ ಆ ಊಟದ್ದು.

ಇವತ್ತು ಗುಣಪಾಲಣ್ಣನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. "ಎಂತ ಮಾರಾಯ್ತಿ ನೀನು! ಅವರು ಬಂದರೆ ನಾನು ಆಚೆ ನಿಲ್ತೇನೆ. ಮೊದಲು ಅವರಿಗೆ ಹೇಳು" ಎಂದರು. ಬರುವ ಭಾನುವಾರ ಬೋಟಿನವರನ್ನೆಲ್ಲ ಮತ್ತೆ ಕರೆದಿದ್ದೇನೆ. ನಿಮ್ಮನ್ನು ಆಡಿಸಲಿಕ್ಕಲ್ಲ. ತಂತಿ ಇನ್ನೂ ಹಾಗೇ ಉಂಟು. ಅವರೆಲ್ಲ ಒಬ್ಬೊಬ್ಬರಾಗಿ ಬಂಡೆಗೆ ಬಡಿಯಲಿ. ಆಮೇಲೆ ನಾನು ಹಲಗೆ ಬಿಚ್ಚಿ ತೋರಿಸುತ್ತೇನೆ. ಎಲ್ಲರೆದುರು ಆಡಿದ ಮಾತು, ಎಲ್ಲರೆದುರೇ ವಾಪಸು ತೆಗೆದುಕೊಳ್ಳಬೇಕಲ್ಲ.

ನನ್ನ ಮೇಲಿನ ಸಿಟ್ಟು ಎಷ್ಟು ದಿನ ಬೇಕಾದರೂ ಇರಲಿ. ಚುಕ್ಕಾಣಿ ಮಾತ್ರ ಬಿಡಬೇಡಿ. ದಿಕ್ಕು ತಲೆಕೆಳಗಾದ ಬೋಟನ್ನೂ ಬಂಡೆಯಿಂದ ತಪ್ಪಿಸಿದ ಕೈ ಅದು.

ಕಡಲು ಆ ಕೈಯನ್ನು ಕಾಯಲಿ.

ಮುಖ ತೋರಿಸಲು ನಾಚುತ್ತಿರುವ, ಆದರೂ ಭಾನುವಾರ ಬರುವ,
ನಿಮ್ಮ ಅಕ್ಕನ ಮಗಳು
ಹರ್ಷಿಣಿ