ಆರು ಗುಂಡಿಗಳ ಅಂಗಿ

ಮಾರ್ಚ್ ೧೯

ಪ್ರೀತಿಯ ಅಕ್ಕನಿಗೆ ನಿನ್ನ ತಮ್ಮ ಮಾಡುವ ನಮಸ್ಕಾರಗಳು.

ಮೂರು ತಿಂಗಳಿಂದ ಕಾಗದವಿಲ್ಲ ಅಂತ ಮುನಿಸಿಕೊಂಡಿರುತ್ತೀಯ. ಬೈಯುವುದನ್ನೆಲ್ಲ ಬೈದು ಮುಗಿಸಿ ಆಮೇಲೆ ಓದು, ನಾನು ಕಾಯುತ್ತೇನೆ. ಕಾಯುವುದು, ಕಾಯಿಸುವುದು ಎರಡರಲ್ಲೂ ಈಗ ನನ್ನನ್ನು ಮೀರಿಸುವವರು ಈ ಊರಲ್ಲಿಲ್ಲ. ಅದು ಹೇಗೆ ಅಂತ ಕೇಳು.

ಕೈ ಸ್ವಲ್ಪ ನಡುಗುತ್ತದೆ ಅಂತ ಬರೆದಿದ್ದೆನಲ್ಲ, ಸ್ವಲ್ಪವಲ್ಲ ಅಕ್ಕ. ಎರಡು ವರ್ಷದಿಂದ ನಗರಸಭೆಯವರು ದಿನಾ ಬೆಳಗ್ಗೆ ಒಬ್ಬ ಸಹಾಯಕನನ್ನು ಕಳಿಸುತ್ತಿದ್ದರು. ಸ್ನಾನ ಮಾಡಿಸಿ, ಬಟ್ಟೆ ಹಾಕಿ ಹೋಗುತ್ತಿದ್ದ. ಏಳು ಗಂಟೆ ಅಂದರೆ ಏಳೇ, ಅದಕ್ಕೇ ಅವನಿಗೆ ಗಡಿಯಾರ ಅಂತ ಹೆಸರಿಟ್ಟಿದ್ದೇನೆ.

ಡಿಸೆಂಬರಿನಲ್ಲಿ ನಗರಸಭೆಯ ಖರ್ಚಿಗೆ ಕತ್ತರಿ ಬಿತ್ತು. ನಿಜವಾಗಿ ಯಾರಿಗೆ ಸಹಾಯ ಬೇಕು ಅಂತ ನೋಡಲು ಒಬ್ಬ ಅಧಿಕಾರಿ ಬಂದರು. ನನ್ನ ದಡ್ಡತನ ನೋಡು. ಮನೆಗೆ ಯಾರೋ ಬರುತ್ತಾರೆ ಅಂತ ಗಡಿಯಾರನಿಂದ ಗಡ್ಡ ಹೆರೆಸಿಕೊಂಡು, ಇಸ್ತ್ರಿ ಅಂಗಿ ತೊಡಿಸಿಕೊಂಡು, ಅವನನ್ನು ಹಿಂದಿನ ಬಾಗಿಲಿಂದ ಕಳಿಸಿಬಿಟ್ಟೆ.

"ಈ ಅಂಗಿ ನೀವೇ ಹಾಕ್ಕೊಂಡ್ರಾ?" ಅಂದರು ಅಧಿಕಾರಿ.

ನಲವತ್ತು ವರ್ಷ ಊರಿಗೆಲ್ಲ ಅಂಗಿ ಹೊಲಿದವನು ನಾನು. ಇಲ್ಲ ಅನ್ನಲು ಬಾಯಿ ಬರಲಿಲ್ಲ. "ಮತ್ತೇನು, ನೀವು ಬಂದು ಹಾಕಿದ್ರಾ?" ಅಂದೆ. ಅವರು ನಕ್ಕು ಬರೆದುಕೊಂಡರು. ವಾರದಲ್ಲಿ ಸಹಾಯ ನಿಂತಿತು.

ಹೀಗೆ ಹದಿನೆಂಟು ಜನರಿಗೆ ಆಗಿದೆ. ವಿಚಾರಿಸಿದರೆ ಎಲ್ಲರೂ ನನ್ನ ಹಾಗೇ ಮನೆ ಗುಡಿಸಿಟ್ಟು, ತಲೆ ಬಾಚಿಸಿಕೊಂಡು, ಎಲ್ಲ ನಾವೇ ಮಾಡಿಕೊಳ್ಳುತ್ತೇವೆ ಅಂದವರೇ. ಪಕ್ಕದ ಬೀದಿಯಲ್ಲಿ ಕಣ್ಣು ಕಾಣದ ಹೆಂಗಸೊಬ್ಬರಿದ್ದಾರೆ, ಹಿಂದೆ ಟೆಲಿಫೋನ್ ಕಚೇರಿಯಲ್ಲಿದ್ದವರು. "ಮರ್ಯಾದೆ ಉಳಿಸಿಕೊಳ್ಳೋಕೆ ಹೋಗಿ ಮೈಮೇಲಿನ ಬಟ್ಟೆ ಕಳ್ಕೊಂಡ್ವಲ್ಲ ಟೈಲರಣ್ಣ" ಅಂದರು. ನಿಜವೇ. ಮೂರು ತಿಂಗಳು ಶಾಲು ಹೊದ್ದುಕೊಂಡೇ ಕಳೆದೆ.

ಹೋದ ಶುಕ್ರವಾರ ನಾವು ಹದಿನೆಂಟು ಜನ ಸೇರಿ ಕೊಟ್ಟ ಅರ್ಜಿ ನಗರಸಭೆಯ ಸಭೆಗೆ ಬಂತು. ಒಬ್ಬೊಬ್ಬರಿಗೆ ಐದೈದು ನಿಮಿಷ. ಮೊದಲು ನನ್ನನ್ನು ಕರೆದರು. ಶಾಲು ತೆಗೆದೆ, ಒಳಗೆ ಗುಂಡಿ ಹಾಕದ ಅಂಗಿ. "ಭಾಷಣ ಬರಲ್ಲ. ನಾನೇ ಮಾಡ್ಕೋತೀನಿ ಅಂತ ನಿಮ್ಮ ಕಾಗದ ಹೇಳುತ್ತೆ, ಮಾಡ್ಕೋತೀನಿ, ನೋಡಿ" ಅಂದೆ.

ಐದು ನಿಮಿಷ ಮುಗಿದಾಗ ಮೊದಲನೇ ಗುಂಡಿ ಇನ್ನೂ ಕಾಜಾದ ತೂತಿನ ಹೊಸ್ತಿಲಲ್ಲಿತ್ತು. ಅಧ್ಯಕ್ಷೆ ಗಂಟೆ ಬಾರಿಸಿದರು.

ಹಿಂದಿನಿಂದ ಟೆಲಿಫೋನಿನವರು ಎದ್ದು, "ನನ್ನ ಐದು ನಿಮಿಷ ಟೈಲರಿಗೆ" ಅಂದರು. ಅವರ ಪಕ್ಕದ ಗಾಲಿಕುರ್ಚಿಯಿಂದ, "ನಂದೂ" ಅಂತ ಬಂತು. ಆಮೇಲೆ ಸಾಲಾಗಿ ಎಲ್ಲರೂ. ನನ್ನ ಕೈಲಿ ಒಂದೂವರೆ ಗಂಟೆ ಇತ್ತು ಅಕ್ಕ. ಅಷ್ಟು ಶ್ರೀಮಂತ ನಾನು ಯಾವತ್ತೂ ಆಗಿರಲಿಲ್ಲ.

ಸದಸ್ಯರೊಬ್ಬರು "ಸಾಕು, ಅರ್ಥ ಆಯ್ತು" ಅಂದರು. "ಕೂತ್ಕೊಳ್ಳಿ ಸ್ವಾಮಿ, ನಾವು ದಿನಾ ಕೂರ್ತೀವಿ" ಅಂದೆ. ಟೆಲಿಫೋನಿನವರು ಆಗಾಗ "ಎಷ್ಟನೇದು?" ಅಂತ ಕೇಳುವುದು, ಇಡೀ ಸಭೆ "ಮೂರು" ಅನ್ನುವುದು.

ಐವತ್ತನೇ ನಿಮಿಷಕ್ಕೆ ಕೊನೆಯ ಗುಂಡಿಗೆ ಬಂದೆ. ನೋಡಿದರೆ ಕಾಜಾ ಇಲ್ಲ. ಮೇಲಿನಿಂದಲೇ ಒಂದು ಕಾಜಾ ಬಿಟ್ಟು ಹಾಕುತ್ತ ಬಂದಿದ್ದೆ. ಟೈಲರು ನಾನು. ಮತ್ತೆ ಮೊದಲನೇ ಗುಂಡಿ ಬಿಚ್ಚತೊಡಗಿದೆ.

"ಬೇಡ ಬಿಡಿ" ಅಂದರು ಅಧ್ಯಕ್ಷೆ. ಅಲ್ಲೇ ಸದಸ್ಯರಿಂದ ಕೈ ಎತ್ತಿಸಿ ಮತ ಕೇಳಿದರು. ಒಬ್ಬರೂ ಕೈ ಕೆಳಗಿಟ್ಟುಕೊಳ್ಳಲಿಲ್ಲ. ಹದಿನೆಂಟು ಜನರಿಗೂ ಸಹಾಯ ವಾಪಸ್. ಮುಂದೆ ಪರಿಶೀಲನೆಗೆ ಬರುವವರು ಬೆಳಗ್ಗೆ ಸಹಾಯಕ ಬರುವುದಕ್ಕೆ ಮೊದಲೇ ಬರಬೇಕು ಅಂತಲೂ ಆಯಿತು. ಸಹಾಯದ ಖರ್ಚಿಗಾಗಿ ಸಭಾಂಗಣಕ್ಕೆ ಹೊಸ ಕುರ್ಚಿ ಕೊಳ್ಳುವುದು ಮುಂದಕ್ಕೆ ಹೋಯಿತು. ಹಳೆಯವು ಗಟ್ಟಿಯಾಗಿಯೇ ಇವೆ, ಅಷ್ಟು ಹೊತ್ತು ಕೂತು ಅವರೇ ನೋಡಿದ್ದಾರೆ.

ಇವತ್ತು ಏಳಕ್ಕೆ ಗಡಿಯಾರ ಬಂದ. ಆರೂ ಗುಂಡಿ ಸರಿಯಾಗಿವೆ.

ಭಾವನವರಿಗೆ ನಮಸ್ಕಾರ, ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ. ನಿನ್ನ ಆಶೀರ್ವಾದ ನನ್ನ ಮೇಲಿರಲಿ.

ನಿನ್ನ ತಮ್ಮ

ಇನ್ನೊಂದು ಮಾತು. ಮರೆತದ್ದಲ್ಲ, ಧೈರ್ಯ ಸಾಲದೆ ಉಳಿಸಿಕೊಂಡದ್ದು. ಎರಡು ವರ್ಷದ ಕಾಗದಗಳೆಲ್ಲ, ಇದೂ ಸೇರಿ, ನಾನು ಹೇಳಿ ಗಡಿಯಾರ ಬರೆದವು. ಅವನಿಲ್ಲದ ಮೂರು ತಿಂಗಳು ನಿನಗೆ ಕಾಗದವೂ ಇಲ್ಲ. "ನಿನ್ನ ಅಕ್ಷರ ಈಗೀಗ ಎಷ್ಟು ದುಂಡಗಾಗಿದೆ" ಅಂತ ನೀನು ಬರೆದ ದಿನ ನನಗೆ ಊಟ ಸೇರಲಿಲ್ಲ. ಕೈಹಿಡಿದು ಅಕ್ಷರ ತಿದ್ದಿಸಿದವಳು ನೀನು, ನಿನಗೂ ಗೊತ್ತಾಗಲಿಲ್ಲವಲ್ಲ ಅಂತ. ಗೊತ್ತಾಗದ ಹಾಗೆ ನೋಡಿಕೊಂಡವನೂ ನಾನೇ. ಕೆಳಗಿನ ಒಂದು ಪದ ಮಾತ್ರ ನನ್ನ ಕೈಯದು. ಗಡಿಯಾರ ಪೆನ್ನು ಕೊಟ್ಟು ಆಚೆ ನಿಲ್ಲುತ್ತಾನೆ. ಎಷ್ಟು ಹೊತ್ತಾದರೂ ಆಗಲಿ.

ಅಕ್ಕ