ಅಕ್ಕನ ಮೇಲಿನ ಸಿಟ್ಟಿಗೊಂದು ರ‍್ಯಾಗ್‌ಟೈಮ್

ಮಾರ್ಚ್ 3, ಬೆಳಿಗ್ಗೆ

ಪಿಯಾನೋಗೆ ಬರೆಯುತ್ತಿರುವ ಹೊಸ ರ‍್ಯಾಗ್‌ಟೈಮ್‌ನ ಎರಡನೇ ಭಾಗವನ್ನು ಮತ್ತೆ ಹೊಡೆದು ಹಾಕಿದೆ. ಮೂರನೇ ಸಲ. ಎಡಗೈ ಸರಿಯಾಗಿಯೇ ಇದೆ — ಕಾವಲುಗಾರನ ಹಾಗೆ ಒಂದೇ ಹೆಜ್ಜೆ, ಧಂ-ಚಕ್, ಧಂ-ಚಕ್. ತಕರಾರೆಲ್ಲ ಬಲಗೈಯದು. ರ‍್ಯಾಗ್‌ಟೈಮ್ ಅನ್ನುವ ಅಮೆರಿಕದ ಆ ಹಳೇ ಕುಣಿತದ ಸಂಗೀತ ಅಂದರೆ ಇಷ್ಟೇ: ಎಡಗೈ ಹೇಳಿದ ಹೊತ್ತಿಗೆ ಬರುತ್ತದೆ, ಬಲಗೈ ಬೇಕೆಂದೇ ಚೂರು ಮುಂಚೆಯೋ ಚೂರು ತಡವಾಗಿಯೋ ಬರುತ್ತದೆ. ಜಗಳವಾಡಿಕೊಂಡೇ ಎರಡೂ ಮನೆ ಮುಟ್ಟಬೇಕು.

ಟ್ಯೂನರ್ ಬಂದಿದ್ದರು. ಪಿಯಾನೋದ ಮೇಲಿನ ನಾಲ್ಕು ತಂತಿ ಬಿಗಿ ಮಾಡಿ, "ಈಗ ಒಂದ್ಸಲ ನುಡಿಸಿ ನೋಡಿ ಮೇಡಂ" ಅಂದರು. ಹೊಸದನ್ನೇ ನುಡಿಸಿದೆ. ಹಲ್ಲು ಕಚ್ಚಿಕೊಂಡು ನುಡಿಸಿದೆ. ಮುಗಿಯುವ ಹೊತ್ತಿಗೆ ಮನುಷ್ಯನ ಮುಖ ಅರಳಿತ್ತು.

"ಎಷ್ಟು ಖುಷಿಯಾಗಿದೆ! ಏನಾದ್ರೂ ಒಳ್ಳೆ ಸುದ್ದಿನಾ ಮನೇಲಿ?"

ಒಳ್ಳೆ ಸುದ್ದಿಯಂತೆ! ಮೂವತ್ತು ವರ್ಷದಿಂದ ಪಿಯಾನೋ ಕೇಳುತ್ತಿರುವ ಕಿವಿ ಅದು. ಬಾಗಿಲು ಹಾಕಿಕೊಂಡ ಮೇಲೆ ಖಾಲಿ ಕೋಣೆಗೆ ಹೇಳಿದೆ — ಇದು ಸಿಟ್ಟು ಕಣ್ರೀ, ಸಿಟ್ಟು.

ಮಾರ್ಚ್ 3, ಮಧ್ಯಾಹ್ನ

ಬರೆದೇ ಬಿಡುತ್ತೇನೆ, ಇಲ್ಲವಾದರೆ ಊಟ ಸೇರುವುದಿಲ್ಲ.

ಅಮ್ಮ ಹೋಗಿ ಆರು ತಿಂಗಳು. ಆಗ ನೆಂಟರೆಲ್ಲ ಅಕ್ಕನ ಮನೆಯಲ್ಲಿ ಸೇರಿದ್ದರು. ಅಮ್ಮ ಹಾಸಿಗೆ ಹಿಡಿದಿದ್ದಾಗ ಅವಳಿಗಾಗಿಯೇ ಒಂದು ರ‍್ಯಾಗ್ ಬರೆದಿದ್ದೆ. ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ 'ನಿಧಾನ', ಪಕ್ಕದಲ್ಲಿ ವೇಗ ಅಳೆಯುವ ಮೆಟ್ರೊನೋಮ್ ಯಂತ್ರದ ಅಂಕಿ 69. ಅಂದರೆ ಮುದುಕಿಯೊಬ್ಬಳು ಕೋಲೂರಿಕೊಂಡು ನಡೆಯುವಷ್ಟು. ಅಕ್ಕನ ಮನೆಯ ಹಾಲ್‌ನಲ್ಲಿ ಅಮ್ಮನ ಹಳೇ ಪಿಯಾನೋ. ನುಡಿಸಿದೆ. ಒಂದು ನಿಮಿಷ ಆಗಿಲ್ಲ, ಯಾರೋ ಕಾಲು ಕುಟ್ಟಿದರು. ಅತ್ತೆಯೊಬ್ಬರು ನಕ್ಕರು. ಚಿಕ್ಕಪ್ಪ ಫೋನ್ ಎತ್ತಿ ಹಿಡಿದು ತಲೆಯಾಡಿಸುತ್ತಿದ್ದರು, ಮದುವೆ ಮನೆ ಅನ್ನುವ ಹಾಗೆ.

ಮೂರನೇ ಭಾಗಕ್ಕೆ ಬಂದಿದ್ದೆ. ಅಕ್ಕ ಎದ್ದು ಬಂದಳು. ಎಲ್ಲರೆದುರಿಗೆ ಪಿಯಾನೋದ ಮುಚ್ಚಳವನ್ನು ಧಡ್ ಅಂತ ಹಾಕಿದಳು. ನನ್ನ ಬೆರಳು ಉಳಿದದ್ದೇ ಪುಣ್ಯ. ಏನೋ ಅಂದಳು ಕೂಡ, ನನ್ನ ಕಿವಿ ಗುಂಯ್ ಅನ್ನುತ್ತಿತ್ತು. ಚಪ್ಪಲಿ ಮೆಟ್ಟಿಕೊಂಡು ಬಂದುಬಿಟ್ಟೆ. ಆವತ್ತಿನಿಂದ ಮಾತಿಲ್ಲ.

ಸಂಗೀತದ ಗಂಧಗಾಳಿ ಇಲ್ಲದ ಬಂಡೆ. ಅಮ್ಮ ಸತ್ತದ್ದು ಅವಳೊಬ್ಬಳಿಗೇ ಅನ್ನುವ ಹಾಗೆ!

ಮಾರ್ಚ್ 9

ಇವರು ಬಾತ್‌ರೂಮಿನಲ್ಲಿ ಶಿಳ್ಳೆ ಹಾಕುತ್ತಿದ್ದರು. ಕಿವಿಗೊಟ್ಟೆ. ನನ್ನದೇ!

"ಏನ್ರೀ ಅದು?"

"ನಿಂದೇ ಕಣೇ. ಬೆಳಿಗ್ಗೆಯಿಂದ ಬಾಯಲ್ಲೇ ಕೂತಿದೆ. ಕೇಳಿದ್ರೆ ಆಫೀಸಿಗೆ ಹೋಗೋಕೂ ಹುಮ್ಮಸ್ಸು ಬರತ್ತೆ ನೋಡು."

ಇಪ್ಪತ್ತೆರಡು ವರ್ಷ ಜೊತೆಗಿದ್ದಾರೆ. ನನ್ನ ಸಿಟ್ಟು ಹೇಗಿರುತ್ತದೆ ಅಂತ ಇನ್ನೂ ಗೊತ್ತಿಲ್ಲ. ಅಥವಾ ಗೊತ್ತಿದ್ದೂ ಶಿಳ್ಳೆ ಹಾಕುತ್ತಾರೋ...

ಅಳುಮೋರೆಯ ಮೈನರ್ ಸ್ವರಗಳಿಗೆ ಇಳಿಸಿದೆ. ಬಲಗೈಗೆ ಒಂದಕ್ಕೊಂದು ಹೊಂದದ ಸ್ವರ ಎರಡೆರಡು ಸೇರಿಸಿದೆ. ವೇಗ ಏರಿಸಿದೆ. ಸಂಜೆ ನುಡಿಸುತ್ತಿದ್ದರೆ ಎದುರುಮನೆ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ನರ್ಸ್ ಸೊಂಟ ಕುಣಿಸುತ್ತಾ ಕ್ಲಿಪ್ ಹಾಕುತ್ತಿದ್ದಾಳೆ. ಖಾರ ಹಾಕಿದಷ್ಟೂ ಬಾಯಿ ಚಪ್ಪರಿಸುವವರು!

ಮಾರ್ಚ್ 15

ಸಂಗೀತ ಶಾಲೆಯ ವಾರ್ಷಿಕ ಕಾರ್ಯಕ್ರಮದ ಮೀಟಿಂಗ್. ಟೀಚರ್‌ಗಳೆಲ್ಲ ಒಂದೊಂದು ಐಟಂ ಕೊಡಬೇಕು. ನನ್ನದನ್ನು ನುಡಿಸಿ ತೋರಿಸಿದೆ. ಪ್ರಿನ್ಸಿಪಾಲ್ ಮೇಜು ತಟ್ಟಿದರು.

"ಕೊನೇ ಐಟಂ ಇದೇ ಇರ್ಲಿ. ಜನ ನಗ್ತಾ ನಗ್ತಾ ಮನೆಗೆ ಹೋಗ್ಬೇಕು. ಹೆಸರೇನಿಟ್ಟಿದೀರಿ?"

"ಮುಚ್ಚಳ."

"ವಾ! ಮಜವಾಗಿದೆ."

ಇವರ ಮಜ ಮಣ್ಣಾಗ. ಮನೆಗೆ ಬರುವ ದಾರಿಯಲ್ಲಿ, ಬಸ್ಸಿನಲ್ಲಿ ನಿಂತುಕೊಂಡೇ, ಕೊನೆ ಹೊಳೆಯಿತು. ಕೊನೆಯ ಸ್ವರ ನುಡಿಸುವುದಿಲ್ಲ. ಅದರ ಜಾಗದಲ್ಲಿ ನಾನೇ ಮುಚ್ಚಳ ಹಾಕುತ್ತೇನೆ. ಧಡ್. ಹಾಳೆಯಲ್ಲೂ ಹಾಗೆಯೇ ಬರೆದೆ: 'ಇಲ್ಲಿ ಮುಚ್ಚಳ ಹಾಕುವುದು. ಜೋರಾಗಿ.'

ಮಾರ್ಚ್ 16

ಅಕ್ಕನಿಗೆ ಇನ್ವಿಟೇಶನ್ ಪೋಸ್ಟ್ ಮಾಡಿದೆ. ಮೊದಲ ಸಾಲು, ನಡುವಿನ ಸೀಟು. ಕೆಳಗೆ ಪೆನ್ನಿನಲ್ಲಿ ಬರೆದೆ — 'ಕೊನೆಯ ಐಟಂ ನಿನಗಾಗಿ.'

ಊರಿಗೆಲ್ಲ ಕೇಳಿಸದಿದ್ದರೆ ಬೇಡ. ಅವಳೊಬ್ಬಳಿಗೆ ಕೇಳಿಸಿದರೆ ಸಾಕು.

ಮಾರ್ಚ್ 22

ಅಕ್ಕ ಇವರ ಆಫೀಸಿಗೆ ಫೋನ್ ಮಾಡಿದ್ದಳಂತೆ. ಬರುತ್ತಾಳಂತೆ. ನನಗೆ ಹಳದಿ ಹೂವು ಇಷ್ಟವಾಗುತ್ತದೋ ಬಿಳಿಯದೋ ಅಂತ ಕೇಳಿದಳಂತೆ. ಇವರು ಹೇಳುತ್ತಾ ನನ್ನ ಮುಖವನ್ನೇ ನೋಡುತ್ತಿದ್ದರು.

"ರಾಜಿ ಆಯ್ತು ಅಂತ ತಿಳ್ಕೊಂಡಿದಾಳೆ ಕಣೇ ಪಾಪ."

"ತಿಳ್ಕೊಳ್ಳಲಿ."

"ಬೇಡ ಬಿಡೇ. ಬೇರೆ ಏನಾದ್ರೂ ನುಡಿಸು."

"ನಿಮ್ಮ ಶಿಳ್ಳೆ ನೀವು ನೋಡ್ಕೊಳ್ಳಿ."

ಮನಸ್ಸು ಒಂದು ಗಳಿಗೆ ಹಿಂದೆ ಮುಂದೆ ನೋಡಿತು, ಸುಳ್ಳು ಯಾಕೆ. ಆಮೇಲೆ ಆ ಧಡ್ ನೆನಪಾಯಿತು.

ಮಾರ್ಚ್ 30, ಬೆಳಿಗ್ಗೆ

ನಿನ್ನೆ ಮುಗಿಯಿತು.

ಅಕ್ಕ ಅರ್ಧ ಗಂಟೆ ಮುಂಚೆಯೇ ಬಂದು ಕೂತಿದ್ದಳು. ತೊಡೆಯ ಮೇಲೆ ಹೂವು, ಹಳದಿಯೂ ಇತ್ತು, ಬಿಳಿಯೂ ಇತ್ತು. ಪರದೆಯ ಸಂದಿಯಿಂದ ನೋಡಿದೆ. ಕೂದಲು ಪೂರ್ತಿ ನೆರೆತಿದೆ.

ನುಡಿಸಿದೆ. ಇಷ್ಟು ಚೆನ್ನಾಗಿ ಯಾವತ್ತೂ ನುಡಿಸಿರಲಿಲ್ಲ. ಎರಡನೇ ಭಾಗಕ್ಕೆಲ್ಲ ಇಡೀ ಸಭೆ ತಾಳಕ್ಕೆ ಚಪ್ಪಾಳೆ ಹೊಡೆಯುತ್ತಿತ್ತು, ಅದೂ ತಪ್ಪು ತಾಳಕ್ಕೆ. ಕೊನೆಗೆ ಮುಚ್ಚಳ ಹಾಕಿದೆ. ಧಡ್! ಗೊಳ್ ಅಂತ ನಗು. ಮುನ್ನೂರು ಜನ ಎದ್ದು ನಿಂತರು. ಪ್ರಿನ್ಸಿಪಾಲ್ ಕಣ್ಣೊರೆಸಿಕೊಂಡು ನಗುತ್ತಿದ್ದರು.

ಅಕ್ಕ ಒಬ್ಬಳು ಕೂತೇ ಇದ್ದಳು. ಕೆನ್ನೆಗೆ ಬಾರಿಸಿದವರನ್ನು ನೋಡುವ ಹಾಗೆ ನನ್ನನ್ನು ನೋಡಿದಳು. ಆಮೇಲೆ ಪಕ್ಕದ ಬಾಗಿಲಿನಿಂದ ಹೊರಟುಹೋದಳು, ಹೂವನ್ನು ಹಿಡಿದುಕೊಂಡೇ.

ಮುನ್ನೂರು ಕಿವುಡರ ನಡುವೆ ಒಬ್ಬಳಿಗೆ ಸರಿಯಾಗಿ ಕೇಳಿಸಿತು. ಅದೇ ತಾನೇ ನನಗೆ ಬೇಕಿದ್ದದ್ದು? ಮತ್ತೆ ಯಾಕೆ ಉರಿ ಇಳಿದಿಲ್ಲ. ಬೆಳಿಗ್ಗೆಯಿಂದ ಎರಡು ಲೋಟ ಒಡೆದೆ.

ಏಪ್ರಿಲ್ 11, ಮಧ್ಯಾಹ್ನ

ಚಿಕ್ಕಪ್ಪನ ಫೋನ್ ತುಂಬಿಹೋಗಿದೆಯಂತೆ. ಅಳಿಸುವ ಮೊದಲು ಇದ್ದಬದ್ದ ವಿಡಿಯೋಗಳನ್ನೆಲ್ಲ ಮನೆಮಂದಿಗೆಲ್ಲ ಕಳಿಸುತ್ತಿದ್ದಾರೆ. ಬೆಳಿಗ್ಗೆಯಿಂದ ಟಿಂಗ್ ಟಿಂಗ್. ಅವರ ಬೆಕ್ಕು. ಅವರ ಬೆಕ್ಕು ಮಲಗಿರುವುದು. ಸೋರುವ ನಲ್ಲಿ, ಪ್ಲಂಬರ್‌ಗೆ ತೋರಿಸಲು ತೆಗೆದದ್ದು. ಬೈದುಕೊಂಡೇ ಒಂದೊಂದಾಗಿ ಅಳಿಸುತ್ತಿದ್ದೆ.

ಹದಿನೇಳನೆಯದು ಅಕ್ಕನ ಮನೆಯ ಹಾಲ್. ಆ ದಿನ.

ಹಾಕಿದೆ. ಪಿಯಾನೋ ಶುರುವಾಯಿತು. ನನ್ನದೇ ಕಾಲು ನೆಲಕ್ಕೆ ತಟ್ಟಿತು. ಥೂ.

ನಿಲ್ಲಿಸಿ, ಮೆಟ್ರೊನೋಮ್ ಪಕ್ಕಕ್ಕಿಟ್ಟುಕೊಂಡು ಮತ್ತೆ ಹಾಕಿದೆ. 69 ಎಲ್ಲಿಯದು? 104. ಎರಡನೇ ಭಾಗಕ್ಕೆ 116. ಮೂರನೆಯದಕ್ಕೆ ಯಂತ್ರಕ್ಕೇ ಸಿಗಲಿಲ್ಲ, ಅಷ್ಟು ಓಡಿದ್ದೇನೆ. ಬೇಗ ಮುಗಿಸಿ ಎಲ್ಲಿಗಾದರೂ ಹೋಗಬೇಕು ಅಂತ ಓಡುವವಳ ಹಾಗೆ. ನಿಧಾನ ಅಂತ ಬರೆದವಳೂ ನಾನೇ, ಹೀಗೆ ನುಡಿಸಿದವಳೂ ನಾನೇ. ಕಾಲು ಕುಟ್ಟಿದವರದೇನು ತಪ್ಪು?

ಆಮೇಲೆ ಅಕ್ಕ ಎದ್ದು ಬರುತ್ತಾಳೆ. ಪಕ್ಕದಲ್ಲಿ ನಿಲ್ಲುತ್ತಾಳೆ. ನನ್ನ ಎರಡೂ ಕೈಗಳನ್ನು ಹಿಡಿದು ಪಿಯಾನೋದ ಕೀಗಳ ಮೇಲಿಂದ ಎತ್ತಿ ನನ್ನ ತೊಡೆಯ ಮೇಲಿಡುತ್ತಾಳೆ. ಮುಚ್ಚಳಕ್ಕೆ ಅಂಗೈ ಕೊಟ್ಟು, ಸದ್ದಾಗದ ಹಾಗೆ ಇಳಿಸುತ್ತಾಳೆ. ಐದು ಸಲ ನೋಡಿದೆ. ವಾಲ್ಯೂಮ್ ಏರಿಸಿ ಕೇಳಿದೆ. ಧಡ್ ಇಲ್ಲ. ಎಲ್ಲಿಯೂ ಇಲ್ಲ.

ಅವಳು ಅಂದದ್ದು ಕೇಳಿಸುತ್ತದೆ: "ಸಾಕು ಬಾರೇ. ಎಷ್ಟೂಂತ ಓಡ್ತೀಯ? ಬಾ, ನನ್ನ ಹತ್ರ ಕೂತ್ಕೋ."

ಏಳು ತಿಂಗಳು! ಈ ಚಿಕ್ಕಪ್ಪ ಆಗಲೇ ಕಳಿಸಿದ್ದರೆ ಗಂಟೇನು ಹೋಗುತ್ತಿತ್ತು? ಬೆಕ್ಕಿಗೆ ಹನ್ನೆರಡು ವಿಡಿಯೋ... ಯಾರನ್ನು ಬೈಯಲಿ ಈಗ. ಬೈಯಲು ಉಳಿದಿರುವುದು ನಾನೊಬ್ಬಳೇ.

ಏಪ್ರಿಲ್ 12, ಬೆಳಿಗ್ಗೆ ಎಂಟು

ಫೋನ್ ಮಾಡಿದೆ. ಭಾವ ಎತ್ತಿದರು.

"ಮಾತಾಡಲ್ಲ ಅಂತಾಳಮ್ಮ. ಹದಿನೈದು ದಿನದಿಂದ ನನ್ನ ಹತ್ರಾನೂ ಸರಿಯಾಗಿ ಮಾತಾಡ್ತಿಲ್ಲ."

ನಾನೇ ಹೋಗುತ್ತೇನೆ.

ಏಪ್ರಿಲ್ 12, ಹತ್ತೂವರೆ

ಅಕ್ಕನ ಮನೆಯೆದುರಿನ ಕಲ್ಲುಬೆಂಚು. ಬ್ಯಾಗಿನಲ್ಲಿ ಈ ಪುಸ್ತಕ ಇತ್ತು, ಕೈಗೆ ಕೆಲಸ ಬೇಕು, ಬರೆಯುತ್ತಿದ್ದೇನೆ.

ಬಾಗಿಲು ತೆಗೆಯಲಿಲ್ಲ. ಒಳಗಿನಿಂದಲೇ "ಹೋಗು" ಅಂದಳು. "ಅಕ್ಕ, ನಂದು ತಪ್ಪಾಯ್ತು" ಅಂದೆ. "ಊರವರ ಮುಂದೆ ಕರ್ಸಿ ಅವಮಾನ ಮಾಡಿದೀಯ. ಬಾಗಿಲ ಸಂದಿಯಲ್ಲಿ ತಪ್ಪಾಯ್ತು ಅಂದ್ರೆ ಆಯ್ತಾ?" ಅಂದಳು. ಸರಿಯಾಗಿಯೇ ಅಂದಳು. ಈಗ ಸಿಟ್ಟು ಮಾಡಿಕೊಳ್ಳುವ ಸರದಿ ಅವಳದು. ಆದರೂ ನನಗೆ ಸಿಟ್ಟು ಬರುತ್ತಿದೆ, ಎಂಥ ಜನ್ಮವೋ ನನ್ನದು.

ಎರಡನೇ ಮಹಡಿಯ ಬಾಲ್ಕನಿ. ಬಂದಳು. ನಾನು ಹೋದೆನೋ ಇಲ್ಲವೋ ಅಂತ ನೋಡಲು ಬಂದದ್ದು.

"ಇನ್ನೂ ಇಲ್ಲೇ ಇದೀಯಾ?"

"ಇದೀನಿ."

"ಅದೇನು ಬರೀತಾ ಇರೋದು? ನನ್ನ ಮೇಲೇನಾ?"

ಸುಳ್ಳು ಹೇಳಬಹುದಿತ್ತು. "ಹೌದು" ಅಂದೆ.

"ಓದು ಮತ್ತೆ."

"ಮೇಲೆ ಬರ್ತೀನಿ ಅಕ್ಕ, ಅಲ್ಲೇ ಓದ್ತೀನಿ."

"ಬೇಡ. ಅಲ್ಲೇ ನಿಂತ್ಕೊಂಡು, ಗಟ್ಟಿಯಾಗಿ ಓದು. ಎಲ್ರಿಗೂ ಕೇಳಿಸ್ಲಿ."

ಹಾಲಿನವ ಸೈಕಲ್ ನಿಲ್ಲಿಸಿ ನಮ್ಮಿಬ್ಬರನ್ನೂ ನೋಡುತ್ತಿದ್ದಾನೆ. ಅಕ್ಕ ಕಂಬಿಯ ಮೇಲೆ ಮೊಣಕೈಯೂರಿ ಕಾಯುತ್ತಿದ್ದಾಳೆ. ಎಲ್ಲಿಂದ ಓದಲಿ ಅಂತ ಕೇಳಿದೆ. ಮೊದಲಿಂದ, ಒಂದಕ್ಷರ ಬಿಡಬೇಡ, ಅಂದಳು.

ಮೊದಲ ಪುಟಗಳಲ್ಲಿ ಏನೇನು ಬರೆದಿದ್ದೇನೋ ದೇವರಿಗೇ ಗೊತ್ತು. ಆಗಲಿ, ಎದ್ದು ನಿಂತು ಓದುತ್ತೇನೆ.